ಬೇರಿಗೆ ಗೊತ್ತಾಗದ ಹಾಗೆ

ಚಳ್ಳಕೆರೆಯ ನಮ್ಮ ಮನೆಯ ನಡುಮನೆಗೆ ಇದ್ದದ್ದು ಒಂದೇ ಕಿಟಕಿ. ಅದು ಪೂರ್ವಕ್ಕೆ, ಎಣ್ಣೆ ಮಿಲ್ಲುಗಳ ಕಡೆಗೆ ತೆರೆದಿತ್ತು. ಬೆಳಗಾದರೆ ಅದರ ಸರಳುಗಳ ನಡುವಿನಿಂದ ಬಿಸಿಲು ಇಳಿದು, ಕಡಪ ಕಲ್ಲಿನ ನೆಲದ ಮೇಲೆ ಒಂದು ಚಾಪೆಯಷ್ಟು ಅಗಲ ಹರಡಿಕೊಳ್ಳುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಕಿಟಕಿಯ ಬುಡಕ್ಕೆ ಸರಿದು ಇಲ್ಲವಾಗುತ್ತಿತ್ತು. ಆ ಚಾಪೆಯಷ್ಟು ಬಿಸಿಲಿಗೆ ಮನೆಯಲ್ಲಿ ಎಲ್ಲರೂ ಹಕ್ಕುದಾರರು. ಅಜ್ಜಿಗೆ, ಅಂದರೆ ಅಪ್ಪನ ಅವ್ವನಿಗೆ, ಮಂಡಿ ಕಾಯಿಸಿಕೊಳ್ಳಬೇಕು. ಅವ್ವನಿಗೆ ಮೊರದ ತುಂಬ ಮೆಣಸಿನಕಾಯಿ ಒಣಗಿಸಬೇಕು. ನನಗೆ ತಲೆಗೂದಲು ಆರಬೇಕು. ಅಪ್ಪ ಮಿಲ್ಲಿಗೆ ಹೊರಡುವ ಮುನ್ನ ಅಲ್ಲೇ ಮಣೆ ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಿದ್ದ. ಅವನು ಕೂತರೆ ಉಳಿದವರೆಲ್ಲ ಜಾಗ ಬಿಡಬೇಕು. ಪೂಜೆ ಮುಗಿದು ಅಪ್ಪ ಎದ್ದದ್ದೇ ಅಜ್ಜಿ ಮತ್ತು ಅವ್ವನ ನಡುವೆ ಮೊರ ಮುಂದೆ, ಮಂಡಿ ಹಿಂದೆ ಎಂದು ಜಗಳ. ಕಿಟಕಿಯಿಂದ ಶೇಂಗಾ ಹಿಂಡಿಯ ಬಿಸಿ ವಾಸನೆ ಬರುತ್ತಿತ್ತು. ನಮಗೆ ಅದು ವಾಸನೆ ಅನ್ನಿಸುತ್ತಲೇ ಇರಲಿಲ್ಲ. ನೆಂಟರು ಬಂದು ಮೂಗು ಮುಚ್ಚಿಕೊಂಡಾಗಷ್ಟೇ ನೆನಪಾಗುತ್ತಿತ್ತು.

ಅಪ್ಪ ಎಣ್ಣೆ ಮಿಲ್ಲಿನಲ್ಲಿ ಮಿಷನ್ ನೋಡಿಕೊಳ್ಳುವ ಫಿಟ್ಟರ್ ಆಗಿದ್ದ. ನಾನು ಆರನೇ ಕ್ಲಾಸಿನಲ್ಲಿದ್ದಾಗ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಓಡುತ್ತಿದ್ದ ಬೆಲ್ಟಿಗೆ ಅವನ ಅಂಗಿಯ ತೋಳು ಸಿಕ್ಕಿಕೊಂಡಿತು. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಮಣಿಕಟ್ಟಿನವರೆಗೆ ಮಾತ್ರ ಇತ್ತು. ಯಾರಾದರೂ ಮಿಲ್ಲಿನವರನ್ನು ಬೈದರೆ ಅಪ್ಪ ಸೇರುತ್ತಿರಲಿಲ್ಲ. "ಯಾರ ತಪ್ಪೂ ಅಲ್ಲ. ಅರೆಗಳಿಗೆ ನಾನು ಬೇರೆ ಕಡೆ ನೋಡ್ದೆ" ಎಂದಷ್ಟೇ ಹೇಳುತ್ತಿದ್ದ. ಆಮೇಲೆ ಅದನ್ನೂ ಹೇಳುವುದು ಬಿಟ್ಟ. ನಡುಮನೆಯಲ್ಲೇ, ಆದರೆ ಬಿಸಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರತೊಡಗಿದ. ಕತ್ತರಿಸಿದ ಕೈಯನ್ನು ಸದಾ ಟವೆಲ್ಲಿನಿಂದ ಮುಚ್ಚಿರುತ್ತಿದ್ದ.

ಮೊದಲ ಪೂಜೆಯ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ಬಲಗೈಯಿಂದ ವಿಭೂತಿ ಹಚ್ಚಿ, ಪತ್ರೆ ಏರಿಸುತ್ತಾರೆ. ಅಪ್ಪನ ಎಡ ಅಂಗೈ ಇತ್ತು, ಅದರ ಮೇಲೆ ಲಿಂಗ ಇತ್ತು, ಮುಂದೆ ತಟ್ಟೆಯಲ್ಲಿ ವಿಭೂತಿ ಇತ್ತು. ಅಂಗೈಯನ್ನೇ ದಿಟ್ಟಿಸುತ್ತ ತುಂಬ ಹೊತ್ತು ಕೂತ. ಅಜ್ಜಿ ಒಳಗಿನಿಂದ ಬಂದು ನನ್ನ ರಟ್ಟೆ ಹಿಡಿದು ಅವನ ಬಲಕ್ಕೆ ಕೂರಿಸಿದಳು.

"ಗಿರಿಜಾ, ನಿಮ್ಮಪ್ಪನ ಕೈ ಇದ್ದಂಗೆ ನೀನು. ಇಬತ್ತಿ ಹಚ್ಚು."

ನಾನು ಮೂರು ಬೆರಳಿಗೆ ವಿಭೂತಿ ತಗೊಂಡು ಹಚ್ಚಿದೆ. ಅಪ್ಪ ನನ್ನ ಮುಖ ನೋಡಲಿಲ್ಲ. ಅಂದಿನಿಂದ ಅಂಗಿಯ ಗುಂಡಿ, ಚಪ್ಪಲಿಯ ಪಟ್ಟಿ, ಗಡ್ಡದ ಸೋಪು, ಪೇಪರಿನ ಪುಟ, ಎಲ್ಲದಕ್ಕೂ ನನ್ನ ಹೆಸರು ಕೂಗುವುದು ಮನೆಯ ರೂಢಿಯಾಯಿತು. ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೂ ಅಜ್ಜಿಯ ಕೂಗು ಕೇಳಿದರೆ ಓಡಬೇಕು.

ಊಟದ್ದೇ ದೊಡ್ಡ ರಗಳೆ. ಎಡಗೈಯಲ್ಲಿ ಉಣ್ಣುವುದೆಂದರೆ ಅಜ್ಜಿಗೆ ಮೈಲಿಗೆಗಿಂತ ಹೆಚ್ಚು. ಆಸ್ಪತ್ರೆಯಿಂದ ಬಂದ ದಿನದಿಂದ ಅವಳೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕೂಸಿಗೆ ಉಣ್ಣಿಸುವಂತೆ ಉಣ್ಣಿಸುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದ. ಒಂದು ತಿಂಗಳು ಅವ್ವ ಅದನ್ನು ನೋಡಿದಳು. ಅವ್ವ ಮೊಳಕಾಲ್ಮೂರಿನ ನೇಕಾರರ ಮನೆಯವಳು, ತೆಳ್ಳಗೆ, ಮಾತು ಕಡಿಮೆ. ಸಿಟ್ಟು ಬಂದರೆ ಮಾತ್ರ ತವರಿನ ತೆಲುಗು ಒಂದೆರಡು ಪದ ಹೊರಗೆ ಬರುತ್ತಿದ್ದವು. ಒಂದು ಮಧ್ಯಾಹ್ನ ಅವಳು ತಟ್ಟೆಯನ್ನು ಅಜ್ಜಿಯ ಕೈಗೆ ಕೊಡದೆ ನೇರ ಅಪ್ಪನ ಮುಂದಿಟ್ಟಳು.

"ಇನ್ನು ಸಾಕು ಅತ್ತೆ. ಅವ್ರೇ ಉಣ್ಲಿ."

"ಎಡಗೈಲಿ? ನನ್ನ ಮಗ ಎಡಗೈಲಿ ಉಣ್ಬೇಕಾ? ನಾನಿನ್ನೂ ಬದುಕೀನಿ!"

"ನೀವು ಎಷ್ಟು ದಿನ ಉಣ್ಣಿಸ್ತೀರಿ? ನಾಳೆ ನಿಮಗೆ ಜ್ವರ ಬಂದ್ರೆ ಅವ್ರು ಉಪವಾಸ ಕೂರ್ಬೇಕೇನ್ರಿ? ಚಾಲು, ಚಾಲು. ಎದ್ದೇಳ್ರಿ."

ಚಾಲು ಅಂದರೆ ತೆಲುಗಿನಲ್ಲಿ ಸಾಕು ಎಂದು. ಅಷ್ಟಂದು ಅವ್ವ ಅತ್ತೆಯ ಕೈ ಹಿಡಿದು ಎಬ್ಬಿಸಿ ಹಿತ್ತಲಿಗೆ ಕರೆದೊಯ್ದಳು. ನನ್ನನ್ನೂ ಎಳೆದುಕೊಂಡು ಬಾಗಿಲು ಮುಂದೆ ಮಾಡಿದಳು. ಅಜ್ಜಿ ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಒಳಗೆ ಹೋಗಿ ನೋಡಿದಾಗ ತಟ್ಟೆ ಹಾಗೇ ಇತ್ತು. ಮರುದಿನವೂ ಹಾಗೇ. ಅವ್ವ ಆರಿದ ಮುದ್ದೆಯನ್ನು ಎಮ್ಮೆಗೆ ಹಾಕಿ ಬಿಸಿ ಮುದ್ದೆ ಮತ್ತೆ ಇಡುತ್ತಿದ್ದಳು. ಮೂರನೆಯ ದಿನ ತಟ್ಟೆ ಖಾಲಿ ಇತ್ತು. ನೆಲದ ಮೇಲೆ ಸಾರು ಚೆಲ್ಲಿತ್ತು. ಅವ್ವ ನೆಲ ಒರೆಸುವಾಗ ಅವಳ ಹೆಗಲು ಅಲುಗುತ್ತಿದ್ದುದನ್ನು ನಾನು ಹಿಂದಿನಿಂದ ಕಂಡೆ.

ಸಂಕ್ರಾಂತಿ ಆದ ವಾರ ಅಮ್ಮಮ್ಮ ಬಂದಳು. ಅವ್ವನ ತಾಯಿ. ಮೊಳಕಾಲ್ಮೂರಿನ ಕಡೆ ಅಜ್ಜಿಗೆ ಹಾಗೆಯೇ ಕರೆಯುತ್ತಾರೆ. ಅವಳ ತಲೆಯ ಮೇಲೆ ಒಂದು ಅಗಲ ಬಿದಿರಿನ ಬುಟ್ಟಿ. ಅದರಲ್ಲಿ ಒಣಹುಲ್ಲಿನ ನಡುವೆ ಇಪ್ಪತ್ತನಾಲ್ಕು ತೆಂಗಿನ ಕರಟ, ಪ್ರತಿ ಕರಟದಲ್ಲಿ ಬೆರಳುದ್ದದ ಒಂದೊಂದು ಪಪ್ಪಾಯ ಸಸಿ. ಚಳಿಗಾಲದಲ್ಲಿ ಹೊರಗೆ ಹಾಕಿದ ಪಪ್ಪಾಯ ಬೀಜ ಏಳುವುದಿಲ್ಲ ಎಂದು ಅವಳು ಮಗ್ಗದ ಕೋಣೆಯಲ್ಲಿ ಮೊಳಕೆ ಬರಿಸುತ್ತಿದ್ದಳು. ಗುಂಡಿ ಮಗ್ಗದ ಕೋಣೆ ಅದು. ರೇಷ್ಮೆ ಎಳೆ ತುಂಡಾಗಬಾರದೆಂದು ನೆಲವನ್ನು ಸದಾ ತೇವವಾಗಿ ಇಡುತ್ತಾರೆ, ಬಾಗಿಲು ಮುಚ್ಚಿದರೆ ಒಳಗೆ ಬೆಚ್ಚಗೂ ಇರುತ್ತದೆ. ಆ ಬುಟ್ಟಿಯನ್ನು ಅವಳು ಅಪ್ಪನ ಮುಂದೆಯೇ ಇಳಿಸಿದಳು.

"ನೋಡ್ರಿ ಅಳಿಯಂದ್ರೆ, ಕರಟದ ತೂತಿನಾಗೆ ಬಿಳಿ ಬೇರು ಇಣುಕ್ತಾ ಐತೆ. ಇನ್ನು ಇಪ್ಪತ್ತು ದಿನದಾಗೆ ಡಬ್ಬಕ್ಕೆ ಹಾಕ್ಬೇಕು. ಇಲ್ದಿದ್ರೆ ಸಾಯ್ತಾವೆ. ನನ್ನ ಮನ್ಯಾಗೆ ಜಾಗ ಇಲ್ಲ. ನಿಮಗೆ ಕೆಲಸ ಇಲ್ಲ."

ಅವ್ವ ಉಸಿರು ಬಿಗಿಹಿಡಿದು ನಿಂತಳು. ಅಳಿಯನಿಗೆ ಹಾಗೆ ಅನ್ನುವವರು ಯಾರೂ ಇರಲಿಲ್ಲ. ಅಪ್ಪ ತಲೆ ಎತ್ತಲಿಲ್ಲ. ಅಜ್ಜಿ ಮಾತ್ರ, ಅಡಿಗೆಮನೆಯ ಹೊಸ್ತಿಲಿಂದಲೇ, "ಪೂಜೆ ಮಾಡೋ ಜಾಗದಾಗೆ ಮಣ್ಣು ತಂದು ಸುರೀತಾರೆ" ಎಂದಳು. ಅಮ್ಮಮ್ಮ ಕಾಫಿ ಕುಡಿದು ಸಂಜೆಯ ಬಸ್ಸಿಗೇ ಹೊರಟುಹೋದಳು.

ಬುಟ್ಟಿ ಕಿಟಕಿಯ ಬಿಸಿಲಲ್ಲಿ ಉಳಿಯಿತು. ಅಜ್ಜಿಯ ಮಂಡಿಗೂ ಅವ್ವನ ಮೆಣಸಿನಕಾಯಿಗೂ ಜಾಗ ಹೋಯಿತು. ನಾನು ನೀರು ಹಾಕಲು ಹೋದರೆ ಅವ್ವ ಕಣ್ಣಲ್ಲೇ ತಡೆದು ಅಪ್ಪನ ಬೆನ್ನು ತೋರಿಸಿದಳು. ಸಸಿಗಳೆಲ್ಲ ಬೆಳಕಿನ ಕಡೆ ಕತ್ತು ಚಾಚಿ ಒಂದೇ ಕಡೆ ವಾಲಿದವು. ನಾಲ್ಕನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಎಲ್ಲ ಸಸಿಗಳೂ ಗೋಡೆಯ ಕಡೆ ವಾಲಿವೆ. ಯಾರೋ ಕರಟಗಳನ್ನು ಅರ್ಧ ಸುತ್ತು ತಿರುಗಿಸಿದ್ದರು. ಮರುದಿನ ನಿದ್ದೆ ಬಂದವಳಂತೆ ಮಲಗಿ ನೋಡಿದೆ. ಅಪ್ಪ ಕೂತಲ್ಲೇ ಬಿಸಿಲ ಕಡೆ ತಿರುಗಿ, ಕಾಲು ಚಾಚಿ, ಹೆಬ್ಬೆರಳಿನಿಂದ ಒಂದೊಂದನ್ನೇ ಮೆಲ್ಲಗೆ ತಿರುಗಿಸುತ್ತಿದ್ದ. ಏಳನೆಯ ದಿನ ಅವನು ಬಾಯಿ ಬಿಟ್ಟ.

"ಗಿರಿಜಾ, ಡಬ್ಬ ತಗಂಡು ಬಾ."

ಚಳ್ಳಕೆರೆಯಲ್ಲಿ ಎಣ್ಣೆ ಡಬ್ಬಕ್ಕೇನು ಬರ. ಸಂತೆ ಮೈದಾನದ ಹತ್ತಿರ ತಗಡಿನ ಕೆಲಸದ ಬಾಷಾ ಸಾಬರ ಅಂಗಡಿಯಿತ್ತು. ಅಪ್ಪನಿಗೆ ಹಳೆಯ ದೋಸ್ತಿ. "ಅರೇ ಬೇಟಿ, ರುದ್ರಣ್ಣ ಗಿಡ ಹಾಕ್ತಾನಂತಾ? ತಗ, ತಗ" ಎಂದು ಅವರು ಹನ್ನೊಂದು ದೊಡ್ಡ ಚೌಕ ಡಬ್ಬಗಳ ಮೇಲ್ಭಾಗ ಕತ್ತರಿಸಿ, ಅಂಚು ಕೈ ಕುಯ್ಯದಂತೆ ಮಡಚಿ ಕೊಟ್ಟರು. ಆ ದಿನದ ನಮ್ಮ ಹುಮ್ಮಸ್ಸು ಹೇಳತೀರದು. ಡಬ್ಬದ ತುಂಬ ಕೆರೆಗೋಡು, ಅಂದರೆ ಕೆರೆಯ ಹೂಳು, ತುಂಬಿ, ಸಸಿಯ ದಂಟು ಹಿಡಿದು ನಾನು ಎಳೆಯುತ್ತಾ ಹೋದೆ. ಕೆಲವು ಬುಡದಲ್ಲಿ ಸಣ್ಣಗೆ ಚಟ್ ಅಂದವು. ನಾನು ಮಣ್ಣಲ್ಲಿ ಊರಿ ಮುಚ್ಚಿಬಿಟ್ಟೆ. ಕೊಡಗಟ್ಟಲೆ ನೀರು ಹೊಯ್ದೆ. ಬಿಸಿಲು ತಿಂದರೆ ಬೇಗ ಬೆಳೆಯುತ್ತವೆಂದು ಹನ್ನೊಂದು ಡಬ್ಬವನ್ನೂ ಅವ್ವನ ಜೊತೆ ಸೇರಿ ಮಾಳಿಗೆಗೆ ಹೊತ್ತು ಹಾಕಿದೆ. ಇನ್ನು ಹದಿಮೂರು ಕರಟ ಡಬ್ಬ ಸಾಲದೆ ಕೆಳಗೇ ಉಳಿದವು. ಮಾಳಿಗೆಯ ಮೇಲೆ ಊರಾಚೆಯ ಹುಲ್ಲುಗಾವಲಿನ ಕಡೆಯಿಂದ ಬೀಸುವ ಒಣಗಾಳಿ. ಸಂಜೆಗೆ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಐದು ದಿನದಲ್ಲಿ ಹನ್ನೊಂದೂ ಹೋದವು. ಅಪ್ಪ ಒಂದನ್ನು ಕೆಳಗೆ ತರಿಸಿ, ಕಿತ್ತು ನೋಡಿದ. ಬೇರು ಕೊಳೆತು ಕಂದಾಗಿತ್ತು.

"ಬುದ್ಧಿ ಐತೇನೆ ನಿಂಗೆ? ದಂಟು ಹಿಡಿದು ಹಿಂಗೆ ಎಳೆದಿದ್ದೀಯಲ್ಲ! ಕಣ್ಣು ಎಲ್ಲಿ ಇಟ್ಟಿದ್ದಿ?"

ಮೂರು ತಿಂಗಳಿಂದ ಆಟ ಬಿಟ್ಟು, ಗೆಳತಿಯರನ್ನು ಬಿಟ್ಟು, ಕರೆದಾಗಲೆಲ್ಲ ಓಡಿ ಬಂದ ಸಿಟ್ಟು ಒಟ್ಟಿಗೆ ಬಂತು.

"ನಿಂಗೆ ಕೈ ಇಲ್ಲ ಅಂತ ತಾನೇ ನಾನು ಮಾಡ್ತಿರೋದು! ನೀನೇ ಮಾಡ್ಕ ಹೋಗು!"

ಅಂದ ಮೇಲೆ ಕೇಳಿಸಿತು ನನಗೆ. ಅಪ್ಪ ಆ ಬಾಡಿದ ಸಸಿಯನ್ನು ನೆಲಕ್ಕಿಟ್ಟು, ಟವೆಲ್ಲನ್ನು ಕೈಮೇಲೆ ಇನ್ನಷ್ಟು ಎಳೆದುಕೊಂಡ. ಅಜ್ಜಿ ಹೊಡೆಯಲು ಬಂದಳು. ಅವ್ವ ತಡೆದಳು, ಆದರೆ ನನ್ನನ್ನು ಮಾತಾಡಿಸಲೂ ಇಲ್ಲ. ಅಂದು ರಾತ್ರಿ ಅಪ್ಪ ಉಣ್ಣಲಿಲ್ಲ. ಬೆಳಿಗ್ಗೆ ಪೂಜೆಗೆ ಕರೆಯುವುದಿಲ್ಲ ಎಂದೇ ಅಂದುಕೊಂಡಿದ್ದೆ. ಕರೆದ. ನಾನು ವಿಭೂತಿ ಹಚ್ಚುವಾಗ ಅದು ಅವನ ಅಂಗೈಯ ಮೇಲೆಲ್ಲ ಉದುರಿತು. ಅವನು ಅದನ್ನು ನೋಡುತ್ತಲೇ, ನಿಧಾನವಾಗಿ ಹೇಳಿದ.

"ನಾಳೆ ಭಾನುವಾರ. ಮೊಳಕಾಲ್ಮೂರಿಗೆ ಹೋಗಿ ಬರೋಣ. ನಿಂಗೂ ಬರಲ್ಲ, ನಂಗೂ ಬರಲ್ಲ. ಬರೋರ್ನ ಕೇಳ್ಬೇಕು."

ಆಸ್ಪತ್ರೆಯಿಂದ ಬಂದ ಮೇಲೆ ಅವನು ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಸ್ಸು ತುಂಬಿತ್ತು. ಯಾರೋ ಎದ್ದು ಸೀಟು ಕೊಡಲು ಬಂದರು. ಅಪ್ಪ ಬೇಡವೆಂದು ಎಡಗೈಯಿಂದ ಮೇಲಿನ ಕಂಬಿ ಹಿಡಿದು ನಿಂತ. ಕಂಡಕ್ಟರ್ ಬಂದು ಟಿಕೆಟ್ ಅಂದ. ಕಂಬಿ ಬಿಟ್ಟರೆ ಬೀಳುತ್ತಾನೆ, ಬಿಡದಿದ್ದರೆ ಜೇಬಿಗೆ ಕೈ ಹೋಗದು. ನಾನು ಅವನ ಜೇಬಿಗೆ ಕೈ ಹಾಕುವ ಮೊದಲು ಅವನ ಮುಖ ನೋಡಿದೆ. ಅವನು ತಲೆಯಾಡಿಸಿದ. ಅಷ್ಟರಲ್ಲಿ ಟವೆಲ್ಲು ಜಾರಿ ಕೆಳಗೆ ಬಿತ್ತು. ಸುತ್ತಲಿನವರು ನೋಡಿದರು. ಒಬ್ಬ ಹೆಂಗಸು "ಅಯ್ಯೋ ಶಿವನೇ" ಅಂದಳು. ನಾನು ಟವೆಲ್ಲು ಎತ್ತಿ ಕೊಡಲು ಹೋದೆ.

"ನಿನ್ನ ಹೆಗಲ ಮೇಲೆ ಹಾಕ್ಕ. ಸೆಕೆ ಆಗ್ತೈತೆ" ಎಂದ ಅಪ್ಪ. ಉಳಿದ ದಾರಿಯುದ್ದಕ್ಕೂ ಅವನು ಕೈ ಮುಚ್ಚಿಕೊಳ್ಳಲಿಲ್ಲ.

ಅಮ್ಮಮ್ಮ ನಮ್ಮನ್ನು ಕಂಡು ಆಶ್ಚರ್ಯಪಟ್ಟಂತೆ ತೋರಿಸಿಕೊಳ್ಳಲಿಲ್ಲ. ಸತ್ತ ಹನ್ನೊಂದರ ಸುದ್ದಿ ಕೇಳಿ, "ಹ್ಞೂ, ದೊಡ್ಡ ಡಬ್ಬಕ್ಕೆ ಹಾಕಿದ್ರೇನು?" ಅಂದಳು, ಅಷ್ಟೆ. ಮಗ್ಗದ ಕೋಣೆಗೆ ಕರೆದೊಯ್ದಳು. ಸೋದರಮಾವ ಗುಂಡಿಯಲ್ಲಿ ಕಾಲಿಳಿಸಿ ನೇಯುತ್ತಿದ್ದ. ಮಗ್ಗದ ಸದ್ದು ನಿಲ್ಲಿಸದೆ ಅಪ್ಪನಿಗೆ ನಕ್ಕು ತಲೆ ಬಾಗಿಸಿದ. ಕೋಣೆಯ ಮೂಲೆಯಲ್ಲಿ ಅವಳ ಇನ್ನಷ್ಟು ಕರಟಗಳಿದ್ದವು. ಪಕ್ಕದಲ್ಲಿ ಹೋಟೆಲಿನಿಂದ ತಂದ ಒಂದು ಕೇಜಿಯ ವನಸ್ಪತಿ ತುಪ್ಪದ ಖಾಲಿ ಡಬ್ಬಗಳು, ತಳಕ್ಕೆ ಮೊಳೆಯಿಂದ ತೂತು ಹೊಡೆದಂಥವು.

"ಕರಟಕ್ಕಿಂತ ಒಂದು ಅಳತೆ ದೊಡ್ಡದು, ಅಷ್ಟೇ ಸಾಕು. ಆ ಎಣ್ಣೆ ಡಬ್ಬದಾಗೆ ಹಾಕಿದ್ರೆ ಅಷ್ಟು ನೀರು ಕುಡಿಯೋ ಬೇರು ಎಲ್ಲೈತೆ ಇದಕ್ಕೆ? ನೀರು ನಿಂತು ಕೊಳೀತೈತೆ. ನಿನ್ನೆ ಸಂಜೆ ಇವಕ್ಕೆ ನೀರು ಹಾಕೀನಿ. ಮಣ್ಣು ಹಸಿಯಾಗಿ ಮುದ್ದೆ ಥರ ಕಚ್ಚಿಕಂಡಿರಬೇಕು. ಒಣಗಿದ್ರೆ ಉದುರ್ತೈತೆ, ಬೇರು ಹರೀತೈತೆ. ಈಗ ನೋಡು ಬಂಗಾರೂ."

ಅವಳು ಡಬ್ಬದ ತಳಕ್ಕೆ ಒಡಕು ಹೆಂಚಿನ ಚೂರು ಹಾಕಿದಳು. ಕೆರೆಗೋಡು, ಮರಳು, ಪುಡಿಯಾದ ಹಳೆಯ ಕುರಿಗೊಬ್ಬರ ಕಲಸಿದ ಮಣ್ಣನ್ನು ಅರ್ಧ ತುಂಬಿದಳು. ಖಾಲಿ ಕರಟವೊಂದನ್ನು ಅದರೊಳಗಿಟ್ಟು ಸುತ್ತ ಮಣ್ಣು ತುಂಬಿ, ಕರಟ ಎತ್ತಿದಳು. ಸಸಿ ಕೂರುವಷ್ಟೇ ಗುಣಿ ಉಳಿಯಿತು. ಆಮೇಲೆ ಬಲ ಅಂಗೈಯನ್ನು ಸಸಿಯ ಮೇಲೆ ಕವುಚಿ, ನಡುಬೆರಳು ಉಂಗುರಬೆರಳುಗಳ ಸಂದಿಯಲ್ಲಿ ದಂಟು ಬರುವಂತೆ ಮಾಡಿ, ಎಡಗೈಯಿಂದ ಕರಟ ಹಿಡಿದು ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿದಳು. ಕರಟದ ಬೆನ್ನಿಗೆ ಎರಡು ಸಲ ಮೆತ್ತಗೆ ಬಡಿದಳು. ಕರಟ ಮೇಲೆ ಬಂತು. ಮಣ್ಣು ಅಂಗೈಯಲ್ಲಿ ಇಡಿಯಾಗಿ ಉಳಿಯಿತು, ಸುತ್ತ ಬಿಳಿ ಬೇರಿನ ಜಾಲ. ಅದನ್ನು ನೆಟ್ಟಗೆ ತಿರುಗಿಸಿ ಗುಣಿಯಲ್ಲಿ ಕೂರಿಸಿದಳು. ದಂಟನ್ನು ಅವಳು ಹಿಡಿಯಲೇ ಇಲ್ಲ.

"ದಂಟು ಮುಟ್ಟಬಾರ್ದು. ಹಿಡೀಲೇಬೇಕಾದ್ರೆ ಎಲೆ ಹಿಡಿ. ಎಲೆ ಹೋದ್ರೆ ಇನ್ನೊಂದು ಬರ್ತೈತೆ. ಕರಟದಾಗೆ ಎಷ್ಟು ಆಳ ಇತ್ತೋ ಇಲ್ಲೂ ಅಷ್ಟೇ ಆಳ. ಮೆಲ್ಲಗಾ, ಮೆಲ್ಲಗಾ. ಜಾಗ ಬದಲಾತು ಅಂತ ಬೇರಿಗೆ ಗೊತ್ತಾಗಬಾರ್ದು."

ಅಪ್ಪ ಅಷ್ಟು ಹೊತ್ತೂ ಅವಳ ಎರಡು ಕೈಗಳನ್ನೇ ನೋಡುತ್ತಿದ್ದ. "ಇದಕ್ಕೆ ಎರಡು ಕೈ ಬೇಕು ಅತ್ತೆ" ಎಂದ. ಮಗ್ಗದ ಸದ್ದು ನಿಂತಿತು.

"ಎರಡು ಅದಾವಲ್ಲ" ಅಂದಳು ಅಮ್ಮಮ್ಮ. "ನಿಮ್ದು ಎಡಗೈ, ಇವಳ್ದು ಬಲಗೈ. ಕುಂತ್ಕಳ್ರಿ."

ಬರಿ ಮಣ್ಣು ತುಂಬಿದ ಕರಟದ ಮೇಲೆ ಮೊದಲು ಅಭ್ಯಾಸ. ನನ್ನ ಬಲಗೈ ಮೇಲೆ, ಅಪ್ಪನ ಎಡಗೈ ಕೆಳಗೆ. ಇಬ್ಬರೂ ಒಟ್ಟಿಗೆ ತಿರುಗಿಸಬೇಕು. ನಾನು ಅವಸರ ಮಾಡಿದರೆ ಮಣ್ಣು ಜಾರುತ್ತಿತ್ತು. ಅವನು ಬಿಗಿ ಹಿಡಿದರೆ ಕರಟ ಕದಲುತ್ತಿರಲಿಲ್ಲ. ಹತ್ತು ಹನ್ನೆರಡು ಸಲ ಮಣ್ಣು ಚೆಲ್ಲಿತು. ಅಪ್ಪನ ಮೈ ಬೆವರಿತು, ನನಗೆ ಅಳು ಬಂತು. ಅಮ್ಮಮ್ಮ ಇಬ್ಬರ ಮೇಲೂ ಕನಿಕರ ತೋರಿಸಲಿಲ್ಲ. "ಇನ್ನೊಂದ್ಸಾರಿ" ಎನ್ನುತ್ತಲೇ ಇದ್ದಳು. ಊಟದ ಹೊತ್ತು ಮೀರಿತು. ಕೊನೆಗೆ ಅಪ್ಪನೇ ಉಪಾಯ ಕಂಡುಕೊಂಡ: ಇಬ್ಬರೂ ಒಟ್ಟಿಗೆ ಉಸಿರು ಎಳೆದುಕೊಂಡು, ಬಿಡುವಾಗ ತಿರುಗಿಸುವುದು. ಮಾತೇ ಬೇಡ. ಅದು ಕೂತಿತು. ಜೀವಂತ ಸಸಿಯಿದ್ದ ಕರಟವನ್ನು ತಿರುಗಿಸಿದಾಗ ಆ ತಣ್ಣನೆಯ ಮಣ್ಣಿನ ಭಾರ ನನ್ನ ಅಂಗೈಗೆ ಇಡಿಯಾಗಿ ಬಂದು ಕೂತದ್ದು, ಅಪ್ಪನ ಉಸಿರು ನನ್ನ ಕಿವಿಯ ಹತ್ತಿರವೇ ನಿಂತು ಹೊರಟದ್ದು, ಎರಡೂ ನೆನಪಿವೆ. ನಾನು ಈಗ ದಾದಿ. ಮುದುಕರಿಗೆ ಸೂಜಿ ಚುಚ್ಚುವಾಗ, ಕೂಸುಗಳನ್ನು ಮಗ್ಗುಲು ತಿರುಗಿಸುವಾಗ "ನಿಮ್ಮ ಕೈ ಹಗುರ ಸಿಸ್ಟರ್" ಅನ್ನುತ್ತಾರೆ. ಹುಟ್ಟಿನಿಂದ ಬಂದದ್ದಲ್ಲ ಅದು. ಆ ಭಾನುವಾರ ಹಸಿದ ಹೊಟ್ಟೆಯಲ್ಲಿ ಕಲಿತದ್ದು.

ಮನೆಯಲ್ಲಿ ಉಳಿದಿದ್ದ ಹದಿಮೂರನ್ನು ನಾವು ಮೂರು ಸಂಜೆಗಳಲ್ಲಿ ಬದಲಾಯಿಸಿದೆವು. ಬಿಸಿಲು ಇಳಿದ ಮೇಲೆಯೇ. ಬೆಳಿಗ್ಗೆ ಮಾಡಿದರೆ ದಿನವಿಡೀ ಕಾವು ತಡೆಯಬೇಕಾಗುತ್ತದೆಂದು ಅಮ್ಮಮ್ಮ ಹೇಳಿದ್ದಳು. ನೀರನ್ನು ಬುಡಕ್ಕೆ ಸುರಿಯದೆ ಡಬ್ಬದ ಅಂಚಿಗೆ ಚೊಂಬಿನಿಂದ ಸಣ್ಣಗೆ ಬಿಟ್ಟೆವು. ಮೊದಲ ನಾಲ್ಕು ದಿನ ಬಿಸಿಲು ಬೀಳದ ಗೋಡೆಯ ಮಗ್ಗುಲು. ಆಮೇಲೆ ಕಿಟಕಿ. ಆಮೇಲೆ ಹಿತ್ತಲಿನಲ್ಲಿ ಒಂದು ಗಳಿಗೆ, ಮರುದಿನ ಎರಡು ಗಳಿಗೆ. ಡಬ್ಬ ಹೊರಗಿಡುವುದು, ಒಳಗೆ ತರುವುದು, ಇದೇ ಮನೆಯ ದೊಡ್ಡ ಕೆಲಸವಾಯಿತು. ಮಣ್ಣಿಗೆ ಬೈಯುತ್ತಿದ್ದ ಅಜ್ಜಿಯೇ ಒಂದು ದಿನ, "ಗಾಳಿ ಜೋರೈತೆ, ಅವನ್ನ ಒಳಗೆ ತಗಳ್ರೇ" ಎಂದು ಕೂಗಿದ್ದು ಕೇಳಿ ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಒಂದು ಸಸಿ ಇಲಿಯ ಪಾಲಾಯಿತು. ಉಳಿದ ಹನ್ನೆರಡೂ ತಲೆ ಬಗ್ಗಿಸಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಓಣಿಯ ಅರ್ಧ ಮನೆಗಳ ಹಿತ್ತಲಲ್ಲಿ ನಮ್ಮ ಪಪ್ಪಾಯ ಇತ್ತು. ಅಪ್ಪ ಕರಿಬೇವು, ದಾಳಿಂಬೆ, ನಿಂಬೆ ಬೀಜಗಳನ್ನೂ ಹಾಕತೊಡಗಿದ. ಮಳೆಗಾಲ ಬಂದಾಗ ಒಂದು ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಟವೆಲ್ಲು ಇಲ್ಲದೆ, ತಾನೇ ಮಿಲ್ಲಿಗೆ ನಡೆದು ಹೋಗಿ ಕೆಲಸ ಕೇಳಿದ. ಸಾಮಾನಿನ ಸ್ಟೋರು ನೋಡಿಕೊಳ್ಳಲು ಕೊಟ್ಟರು. ಎಡಗೈಯಲ್ಲಿ ಬರೆಯಲು ನನ್ನ ಕಾಪಿ ಪುಸ್ತಕದಲ್ಲೇ ಕಲಿತ. ಆದರೆ ಸಂಜೆ ಆರಕ್ಕೆ ಸಸಿಗಳ ಮುಂದೆ ನಾವಿಬ್ಬರೂ ಕೂರಲೇಬೇಕು. ಅದು ನನಗೆ ಭಾರವಾಗಿದ್ದ ಕಾಲ ಯಾವಾಗ ಮುಗಿಯಿತೋ ತಿಳಿಯದು. ಶಾಲೆಯಿಂದ ಬರುವಾಗ ನನ್ನ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು. ನಾನಿಲ್ಲದೆ ನಡೆಯದ ಕೆಲಸವೊಂದು ಮನೆಯಲ್ಲಿದೆ ಎಂಬುದು ನನಗೆ ಹೆಮ್ಮೆಯಾಗಿತ್ತು.

ಹಾಗಾಗಿಯೇ ಏಳನೇ ಕ್ಲಾಸಿನ ಕೊನೆಗೆ ನಮ್ಮ ಟೀಚರು ಮನೆಗೆ ಬಂದು, "ದುರ್ಗದಲ್ಲಿ ಹಾಸ್ಟೆಲ್ ಇರೋ ಹೈಸ್ಕೂಲಿಗೆ ಇವಳನ್ನ ಕಳಿಸ್ರಿ, ಚೆನ್ನಾಗಿ ಓದ್ತಾಳೆ" ಎಂದಾಗ ನಾನು ಒಪ್ಪಲಿಲ್ಲ. ಅವ್ವ ಬೇಡಿದಳು, ಬೈದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನಾವಿಬ್ಬರೂ ಗಂಟಲು ಹರಿಯುವಂತೆ ಜಗಳವಾಡಿದೆವು.

"ಅಪ್ಪಂಗೆ ಯಾರು ಮಾಡ್ತಾರೆ? ನಿಂಗೆ ತಿರುಗ್ಸಾಕೆ ಬರ್ತೈತಾ? ಅಜ್ಜಿಗೆ ಬರ್ತೈತಾ?"

"ಗಿಡಕ್ಕೋಸ್ಕರ ಓದು ಬಿಡ್ತೀಯೇನೆ?"

"ಗಿಡಕ್ಕೋಸ್ಕರ ಅಲ್ಲ."

ಅಪ್ಪ ಒಳಗಿದ್ದ. ಎಲ್ಲವೂ ಅವನಿಗೆ ಕೇಳಿಸಿರಬೇಕು. ನಾನು ಪರೀಕ್ಷೆಯ ಗಡಿಬಿಡಿಯಲ್ಲಿ ಬಿದ್ದೆ. ಆ ಒಂದೂವರೆ ತಿಂಗಳು ಅಪ್ಪ ನನ್ನನ್ನು ಸಸಿಗಳ ಹತ್ತಿರ ಕರೆಯಲೇ ಇಲ್ಲ. ಓದಲಿ ಎಂದು ಬಿಟ್ಟಿದ್ದಾನೆ ಅಂದುಕೊಂಡೆ.

ಕೊನೆಯ ಪರೀಕ್ಷೆ ಬರೆದು ಬಂದ ಸಂಜೆ ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ವನಸ್ಪತಿ ಡಬ್ಬಗಳ ಸಾಲು, ಪಕ್ಕದಲ್ಲಿ ಕರಟಗಳು. ನಾನು ಅವತ್ತೇ ಆ ಕರಟಗಳನ್ನು ಸರಿಯಾಗಿ ನೋಡಿದ್ದು. ಪ್ರತಿಯೊಂದನ್ನೂ ಗರಗಸದಿಂದ ನಡುವೆ ಸೀಳಿ, ಎರಡು ಹೋಳುಗಳನ್ನೂ ಮತ್ತೆ ಜೋಡಿಸಿ, ಸುತ್ತ ದಾರ ಕಟ್ಟಿತ್ತು. ಹಾಗೆ ಕಟ್ಟಿದ ಮೇಲೆಯೇ ಮಣ್ಣು ತುಂಬಿ ಬೀಜ ಹಾಕಿದ್ದ. ನನ್ನನ್ನು ಕಂಡು ಅವನು ಕೆಲಸ ನಿಲ್ಲಿಸಲಿಲ್ಲ. ಒಂದು ಕರಟವನ್ನು ಎಡಗೈಯಲ್ಲಿ ಎತ್ತಿ, ಡಬ್ಬದೊಳಗೆ ಮೊದಲೇ ಮಾಡಿಟ್ಟಿದ್ದ ಗುಣಿಯಲ್ಲಿ ಹಾಗೆಯೇ ಇಳಿಸಿದ. ತಲೆಕೆಳಗು ಮಾಡಲಿಲ್ಲ. ದಾರದ ತುದಿಯನ್ನು ಎರಡು ಬೆರಳಿನಿಂದ ಎಳೆದ, ಕುಣಿಕೆ ಬಿಚ್ಚಿಕೊಂಡಿತು. ಒಂದು ಹೋಳನ್ನು ಮೆಲ್ಲಗೆ ಮೇಲಕ್ಕೆ ಜಾರಿಸಿ ತೆಗೆದ. ಸಂದಿಗೆ ಮಣ್ಣು ಬಿಟ್ಟ. ಇನ್ನೊಂದು ಹೋಳನ್ನು ತೆಗೆದ. ಮತ್ತೆ ಮಣ್ಣು. ಬೆರಳ ಬೆನ್ನಿನಿಂದ ಸುತ್ತಲೂ ಹಗುರವಾಗಿ ಅದುಮಿದ. ಸಸಿಯ ಎಲೆ ಕೂಡ ಅಲುಗಲಿಲ್ಲ.

ನನಗೆ ಗೊತ್ತಿಲ್ಲದಂತೆ ನನ್ನ ಬಲಗೈ ಮುಂದೆ ಚಾಚಿತ್ತು. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಯಾರೋ ನನ್ನನ್ನು ಮನೆ ಬಿಟ್ಟು ಹೊರಗೆ ಹಾಕಿದಂತೆ ಸಿಟ್ಟು ಬಂತು.

"ಕೊಡಪ್ಪಾ, ನಾನು ಹಿಡ್ಕಂತೀನಿ" ಅಂದೆ.

"ಬ್ಯಾಡ. ಅಲ್ಲೇ ನಿಂತ್ಕ. ನೋಡು."

"ಯಾವಾಗ ಕಲ್ತೆ?"

"ಬಾಷಾನ ಅಂಗಡ್ಯಾಗೆ. ನಲವತ್ತು ಕರಟ ಹಾಳಾದ್ವು."

ಅವನು ಎರಡನೆಯದನ್ನು ಎತ್ತಿಕೊಂಡ. ಆಮೇಲೆ ಮೂರನೆಯದು. ಒಂದು ಸಲ ಕುಣಿಕೆ ಬಿಚ್ಚದೆ ಹಟ ಮಾಡಿತು. ನಾನು ಹೆಜ್ಜೆ ಮುಂದಿಟ್ಟೆ. ಅವನು ತಲೆ ಎತ್ತಿ ನೋಡಿದ ನೋಟಕ್ಕೆ ಹಿಂದೆ ಸರಿದೆ. ಬಾಗಿ, ಹಲ್ಲಿನಿಂದ ದಾರ ಕಚ್ಚಿ ಎಳೆದ, ಎಲೆಗೆ ಮೂಗು ತಾಗದಂತೆ. ಬೆವರು ಹುಬ್ಬಿಗೆ ಇಳಿದಿತ್ತು. ಒರೆಸಲು ಯಾರನ್ನೂ ಕರೆಯಲಿಲ್ಲ. ಅವ್ವ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಳು, ಅಜ್ಜಿಯೂ ಬಂದಳು. ಬೆನ್ನ ಮೇಲಿನ ಚೀಲವನ್ನು ಇಳಿಸುವುದೂ ನನಗೆ ಮರೆತಿತ್ತು. ಎಂಟು ಸಸಿಗಳು ಎಂಟು ಡಬ್ಬಗಳಲ್ಲಿ ನೆಟ್ಟಗೆ ನಿಂತ ಮೇಲೆ ಅಪ್ಪ ಕೈಯ ಮಣ್ಣನ್ನು ತೊಡೆಗೆ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದ.

"ಈಗ ಹೇಳು. ದುರ್ಗಕ್ಕೆ ಹೋಗ್ತೀಯಾ, ಇಲ್ಲಾ?"

ಬೆನ್ನ ಮೇಲಿನ ಚೀಲ ಇಳಿಸಿ ಗೋಡೆಗೆ ಒರಗಿಸಿದೆ. ಅವನು ಅವಸರ ಮಾಡಲಿಲ್ಲ. ಕಾದ.

"ಹೋಗ್ತೀನಿ" ಅಂದೆ.

ಅಪ್ಪ ತಲೆಯಾಡಿಸಿದ. ಒಂಬತ್ತನೆಯ ಕರಟ ಎತ್ತಿಕೊಂಡ.